ಹೆಣ್ಣುಮಕ್ಕಳ ಸಂಡಾಸು ಕಟ್ಟಿದ ಪ್ರಾಜೆಕ್ಟು

ಆ ಹುಡುಗರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಓದು ಓದಿ ಕಟ್ಟಿದ್ದು ಒಂದು ಸಂಡಾಸು. ಅದರ ಬಾಗಿಲು ದೊಡ್ಡದಾಯಿತು, ಒಳಗಿನ ಜಾಗ ಸಣ್ಣದಾಯಿತು, ಮಳೆ ಬಂದರೆ ಮೂಲೆಯಲ್ಲಿ ಸೋರುತ್ತಿತ್ತು. ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿನದೇನಾದರೂ ನಡೆಯಿತು ಎಂದು ಯಾರಾದರೂ ನಿಮಗೆ ಹೇಳಿದರೆ, ಅವರು ಉದ್ಘಾಟನೆಯ ದಿನ ಭಾಷಣ ಮಾಡಿದವರಿರಬೇಕು.

ನನ್ನ ಹೆಸರು ನೀಲವ್ವ. ಧಾರವಾಡದ ಸಪ್ತಾಪುರದಲ್ಲಿ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಸಿಪಾಯಿಯಾಗಿ ದುಡಿದು ಮನೆಗೆ ಬಂದವಳು. ಓದಿದ್ದು ನಾಲ್ಕನೆಯ ಇಯತ್ತೆ. ಅದೂ ಪೂರ್ತಿ ಅಲ್ಲ. ಕನ್ನಡ ಓದಲು ಬರುತ್ತದೆ, ಬರೆಯಲೂ ಬರುತ್ತದೆ, ನಡುನಡುವೆ ಅಕ್ಷರ ತಪ್ಪುತ್ತದೆ. ತಿದ್ದುವವರು ತಿದ್ದಿಕೊಳ್ಳಲಿ. ಬಡ್ತಿಯ ವಿಷಯ ಬರೆಯುವಂಥದ್ದೇನಿಲ್ಲ. ಸೇರಿದಾಗಲೂ ಸಿಪಾಯಿ, ಬಿಟ್ಟಾಗಲೂ ಸಿಪಾಯಿ. ನಡುವೆ ಸೀರೆಯ ಬಣ್ಣವನ್ನು ನೀಲಿಯಿಂದ ಕಂದಿಗೆ ಬದಲಿಸಿದರು, ಅದನ್ನು ಬಡ್ತಿ ಅನ್ನುವುದಾದರೆ ಅನ್ನಿ.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಬಂದು ನನ್ನನ್ನು ಕೇಳುತ್ತಾರೆ, ಏನು ಮಾಡಬೇಕಾಗುತ್ತದೆ ಎಂದು. ಗಂಟೆ ಹೊಡೆಯಬೇಕು, ಚಹಾ ಮಾಡಬೇಕು, ಬೋರ್ಡು ಒರೆಸಬೇಕು, ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯಬೇಕು. ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ಹೇಳಿಕೊಡದ ಒಂದು ಮಾತಿದೆ. ಕಾಲೇಜಿನಲ್ಲಿ ಎಲ್ಲರೂ ಕಲಿಯಲು ಬಂದವರು, ಕಲಿಸಲು ಬಂದವರು. ಕೆಲಸ ಆಗಬೇಕು ಎಂದು ಬಂದವರು ನೀವೊಬ್ಬರೇ. ಆದ್ದರಿಂದ ಬೈಸಿಕೊಳ್ಳುವವರೂ ನೀವೇ.

ನಾನು ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಕಾಲೇಜು ಅಂದರೆ ಒಂದು ಹಳೆಯ ಬಂಗಲೆ. ಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಒಂದು ತಗ್ಗಾದ ಕಮಾನು. ಆ ಕಮಾನಿನೊಳಗೆ ಲಾರಿ ಹೋಗುತ್ತಿರಲಿಲ್ಲ, ಟೆಂಪೋ ಕೂಡ ತಲೆ ತಗ್ಗಿಸಿದರೂ ಸಿಕ್ಕಿಕೊಳ್ಳುತ್ತಿತ್ತು. ಕಾಲೇಜಿನ ಹೆಡ್ ಆಗಿದ್ದವರು ಹಂಚಿನಾಳ ಸರ್. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಅವರ ಮನೆ, ದಿನಾ ಕಾರಿನಲ್ಲಿ ಬರುತ್ತಿದ್ದರು. ಒಳ್ಳೆಯ ಮನುಷ್ಯರೇ. ಆದರೆ ಪ್ರತಿಯೊಂದಕ್ಕೂ ಮೀಟಿಂಗ್ ಕರೆಯುವ ಚಟ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಮೀಟಿಂಗ್. ಸಮಯ ಪಾಲನೆ ಎಂಬ ವಿಷಯವನ್ನು ಅವರೇ ಪಾಠ ಮಾಡುತ್ತಿದ್ದರು, ಅದಕ್ಕೆ ದಿನಾ ತಡವಾಗಿ ಬರುತ್ತಿದ್ದರು.

ಓದುವವರು ಬಿ.ಇ. ಮುಗಿಸಿದವರು, ಬಿ.ಕಾಂ. ಮುಗಿಸಿದವರು, ನೌಕರಿಯಲ್ಲಿದ್ದು ರಜೆ ಹಾಕಿ ಬಂದವರು. ಇವರು ಕಲಿಯುತ್ತಿದ್ದ ವಿದ್ಯೆ ಏನೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಒಂದು ದಿನ ಹಂಚಿನಾಳ ಸರ್ ಕ್ಲಾಸಿನಲ್ಲಿ ಚಹಾ ಮಾಡುವ ಬಗೆಯನ್ನು ಬೋರ್ಡಿನ ಮೇಲೆ ಚೌಕ ಚೌಕವಾಗಿ ಬರೆದು, ಬಾಣ ಹಾಕಿ, ಯಾವುದಾದ ಮೇಲೆ ಯಾವುದು, ಯಾವುದು ತಡವಾದರೆ ಎಲ್ಲವೂ ತಡ ಎಂದು ವಿವರಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳುತ್ತಾ ಇದ್ದುಬಿಟ್ಟೆ. ಒಳಗೆ ಒಲೆಯ ಮೇಲೆ ಇಟ್ಟಿದ್ದ ಖರೇ ಚಹಾ ಉಕ್ಕಿ ಸ್ಟೋವು ಆರಿ ಹೋಯಿತು. ಅಂದು ಯಾರಿಗೂ ಚಹಾ ಸಿಗಲಿಲ್ಲ. ಪಾಠ ಮಾತ್ರ ಛಲೋ ಆಗಿತ್ತು.

ಇನ್ನೊಮ್ಮೆ ಹುಡುಗರು ನಾಲ್ಕೈದು ದಿನ ಕಷ್ಟಪಟ್ಟು ಬೋರ್ಡಿನ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಒಂದು ನಕ್ಷೆ ಬರೆದಿದ್ದರು. ಮೂಲೆಯಲ್ಲಿ ಒರೆಸಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರಂತೆ. ನಾನು ಒರೆಸಿದೆ. ಮರುದಿನ ಪರೀಕ್ಷಕರ ಮುಂದೆ ಹುಡುಗರು ಖಾಲಿ ಬೋರ್ಡಿಗೆ ಕೋಲು ತೋರಿಸಿ ಮಾತಾಡಿದರು. ಎಲ್ಲರೂ ಪಾಸಾದರು. ಅದಾದ ಮೇಲೆ ನನಗೆ ಆ ನಕ್ಷೆಗಳ ಬಗ್ಗೆ ಇದ್ದ ಭಯ ಹೋಯಿತು. ಮುಂದೆ ಕಂಪ್ಯೂಟರು ಬಂತು, ನಕ್ಷೆಗಳೆಲ್ಲ ಪರದೆಯ ಮೇಲೆ ಹೋದವು, ಒರೆಸುವ ಕೆಲಸ ಹೋಯಿತು. ಆದರೆ ಕರೆಂಟು ಹೋದರೆ ಎಲ್ಲವೂ ತಾನೇ ಒರೆಸಿಹೋಗುತ್ತಿತ್ತು, ಆಗ ಬೈಯಲು ಅವರಿಗೆ ನೀಲವ್ವ ಸಿಗುತ್ತಿರಲಿಲ್ಲ.

ಈಗ ಸಂಡಾಸಿಗೆ ಬರುತ್ತೇನೆ.

ಆ ಬಂಗಲೆಯಲ್ಲಿ ಹೆಡ್ ಸರ್ ಕೋಣೆಗೆ ಹತ್ತಿಕೊಂಡು ಒಂದು ಸಂಡಾಸಿತ್ತು. ಅದು ಅವರೊಬ್ಬರಿಗೆ. ಉಳಿದ ಗಂಡಸರಿಗೆ ಹಿತ್ತಲ ಗೋಡೆ. ಹೆಣ್ಣುಮಕ್ಕಳಿಗೆ ಏನೂ ಇರಲಿಲ್ಲ. ಯಾಕೆಂದರೆ ಆ ಓದಿಗೆ ಹೆಣ್ಣುಮಕ್ಕಳು ಬರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ನಾನು ಇದ್ದೆನಲ್ಲ ಎಂದರೆ, ನನ್ನನ್ನು ಯಾರೂ ಆ ಲೆಕ್ಕದಲ್ಲಿ ಹಿಡಿದಿರಲಿಲ್ಲ.

ನಾನು ಸೇರಿ ಕೆಲವು ವರ್ಷವಾದ ಮೇಲೆ ಶೈಲಾ ಎಂಬ ಹುಡುಗಿ ಬಂದಳು. ಹುಬ್ಬಳ್ಳಿಯ ವಿದ್ಯಾನಗರದವಳು, ತಂದೆ ಅರಳೆ ವ್ಯಾಪಾರಿ. ಎತ್ತರದ ಹುಡುಗಿ, ಮಾತು ಚುರುಕು. ಇಡೀ ತರಗತಿಗೆ ಅವಳೊಬ್ಬಳೇ ಹೆಣ್ಣು. ಮೊದಲ ದಿನವೇ ಬಂದು ನನ್ನ ಕಿವಿಯಲ್ಲಿ ಕೇಳಿದಳು, "ನೀಲವ್ವಾರ, ಎಲ್ಲಿ ಹೋಗೂದ್ರಿ?"

"ಸಂಜಿಮುಂದ ಮನಿಗೆ ಹೋಗೂದವಾ" ಎಂದೆ. ನಾನು ಹಾಗೆಯೇ ಮಾಡುತ್ತಿದ್ದೆ.

ಅವಳ ಮುಖ ನೋಡಿ, ಪಕ್ಕದ ಸಾವಿತ್ರಿ ಕಾಕು ಅವರ ಮನೆ ತೋರಿಸಿದೆ. ಸಾವಿತ್ರಿ ಕಾಕು ಅಂದರೆ ಕಂಪೌಂಡಿನಾಚೆ ಇದ್ದ ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ. ಬಲು ಪ್ರೀತಿಯ ಹೆಂಗಸು. ಅದೇ ತೊಂದರೆಯಾಯಿತು. ಅವರ ಮನೆಯ ರೀತಿ ಹೇಗೆಂದರೆ, ಹೊಸ್ತಿಲು ದಾಟಿ ಒಳಗೆ ಬಂದ ಹೆಣ್ಣುಮಗಳು ಏನೂ ತಿನ್ನದೆ, ಕುಂಕುಮ ಹಚ್ಚಿಸಿಕೊಳ್ಳದೆ ಹೊರಗೆ ಹೋಗುವಂತಿಲ್ಲ. ಶೈಲಾ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅವರು ಅವಲಕ್ಕಿ ಹಚ್ಚಿಟ್ಟು ಕಾಯುತ್ತಿದ್ದರು.

"ಬಂದ ಹೆಣಮಗಳು ಹಂಗ ಹೋಗಬಾರ್ದವಾ. ಕೂಡು. ಒಂದ್ ಗುಟಕ ಚಹಾ ಕುಡಿ."

"ಕಾಕು, ಕ್ಲಾಸ್ ಅದರಿ."

"ಕ್ಲಾಸ್ ಎಲ್ಲಿ ಓಡಿ ಹೋಗ್ತದ? ನಿಮ್ಮವ್ವನ ತವರುಮನಿ ಯಾವ ಊರಂದಿ?"

ಅವಲಕ್ಕಿ, ಚಹಾ, ಅವ್ವನ ತವರು, ಅಜ್ಜಿಯ ತವರು, ಕುಂಕುಮ. ಇಷ್ಟಾಗಿ ಶೈಲಾ ಓಡುತ್ತ ಬಂದರೆ ಹಾಜರಿ ಕರೆದು ಮುಗಿದಿರುತ್ತಿತ್ತು. ಮೇಲಾಗಿ ಕುಡಿದ ಚಹಾ ಸುಮ್ಮನಿರುತ್ತದೆಯೇ? ಮಧ್ಯಾಹ್ನಕ್ಕೆ ಮತ್ತೆ ಕಾಕು ಮನೆಗೆ ಹೋಗಬೇಕಾಗುತ್ತಿತ್ತು, ಅಲ್ಲಿ ಮತ್ತೆ ಚಹಾ. ನನಗೂ ಅವರು ಬಾ ಅಂದಿದ್ದರು. ಆದರೆ ಸಿಪಾಯಿಯಾದ್ದರಿಂದ ಹಿತ್ತಲ ಬಾಗಿಲಿನಿಂದ ಬಾ ಅಂದಿದ್ದರು. ಅಲ್ಲಿ ನಾಯಿ ಕಟ್ಟಿತ್ತು. ಒಂದು ಸಲ ಹೋದೆ, ಅವಸರವಿದ್ದರೂ ಹೋದಷ್ಟೇ ಅವಸರದಲ್ಲಿ ತಿರುಗಿ ಬಂದೆ.

ಹಂಚಿನಾಳ ಸರ್ ಹಾಜರಿಯ ವಿಷಯದಲ್ಲಿ ಕಟ್ಟುನಿಟ್ಟು. ಒಂದು ದಿನ ಎಲ್ಲರ ಮುಂದೆ ಕೇಳಿದರು.

"ಶೈಲಾ, ಎಲ್ಲಿ ಹೋಗಿದ್ದಿ?"

"ಹೊರಗ ಹೋಗಿದ್ದೆರಿ ಸರ."

"ಹೊರಗ ಅಂದ್ರ ಎಲ್ಲಿ?"

"ಹೊರಗರಿ."

"ದಿನಾ ಹೊರಗ? ಹಾಜರಿ ಕಡಿಮಿ ಆದ್ರ ನಾ ಪರೀಕ್ಷಾಕ್ಕ ಕೂಡಿಸೂದಿಲ್ಲ ನೋಡು. ಕಾರಣ ಬ್ಯಾಡ ನನಗ, ಹಾಜರಿ ಬೇಕು."

ಹುಡುಗರು ಕಿಸಿಕಿಸಿ ನಕ್ಕರು. ಶೈಲಾ ಕಾರಣ ಹೇಳಲಿಲ್ಲ. ಹೇಳಬಹುದಿತ್ತಲ್ಲ ಎಂದು ಈಗಿನವರು ಅನ್ನಬಹುದು. ಆಗ ಹಾಗಿರಲಿಲ್ಲ. ಮನೆಯಲ್ಲಿ ಅವಳ ಅವ್ವ ಬೇರೆ, ಇಷ್ಟು ಒದ್ದಾಡಿ ಓದುವುದೇನಿದೆ, ಪರೀಕ್ಷೆಗೆ ಕೂಡಿಸದಿದ್ದರೆ ಮನೆಯಲ್ಲಿರು ಎಂದು ಹೇಳಿಬಿಟ್ಟಿದ್ದಳಂತೆ. ಅಂದರೆ ಆ ಹುಡುಗಿಯ ಓದು ನಿಂತಿದ್ದದ್ದು ಬುದ್ಧಿಯ ಮೇಲಲ್ಲ, ಒಂದು ಸಂಡಾಸಿನ ಮೇಲೆ.

ಓದಿನ ನಿಯಮದಲ್ಲಿ ಕೊನೆಯ ಪರೀಕ್ಷೆಗೆ ಮೊದಲು ಇಡೀ ತರಗತಿ ಸೇರಿ ಒಂದು ಕೆಲಸವನ್ನು ನಿಜವಾಗಿ ಮಾಡಿ ತೋರಿಸಬೇಕಿತ್ತು. ಕಾಗದದ ಮೇಲಲ್ಲ, ನೆಲದ ಮೇಲೆ. ಏನು ಮಾಡುವುದು ಎಂದು ಮೀಟಿಂಗ್ ಕರೆದರು. ನಾನು ಚಹಾ ಹಂಚುತ್ತಿದ್ದೆ. ಒಬ್ಬ ಕಾರಂಜಿ ಅಂದ. ಒಬ್ಬ ಹೂದೋಟ ಅಂದ. ಒಬ್ಬ ಹುಬ್ಬಳ್ಳಿ ಧಾರವಾಡದ ನಡುವೆ ಮೇಲುಸೇತುವೆ ಅಂದ. ಅವನಿಗೆ ಚಹಾ ಕೊಡದೆ ಮುಂದೆ ಹೋದೆ.

ಶೈಲಾ ಎದ್ದು ನಿಂತು, "ಹೆಣಮಕ್ಕಳ ಸಂಡಾಸ ಕಟ್ಟೋಣ್ರಿ ಸರ" ಎಂದಳು.

ಹಂಚಿನಾಳ ಸರ್ ಕನ್ನಡಕ ತೆಗೆದು ಒರೆಸಿದರು. "ಅಲ್ಲ ಶೈಲಾ, ಪ್ರಾಜೆಕ್ಟ್ ಅಂದ್ರ ಸ್ವಲ್ಪ ಘನವಾದದ್ದು ಇರಬೇಕಲ್ಲ?"

ನನಗೆ ತಡೆಯಲಾಗಲಿಲ್ಲ. "ಸರ, ಈ ಹುಡುಗ್ರಿಗಿ ಗ್ವಾಡಿ ಐತಿ, ನಿಮಗ ಕ್ವಾಣಿ ಐತಿ. ನಮಗೇನೈತ್ರಿ? ತಾಸಗಟ್ಟಲೆ ತಡಕೊಂಡ ನೋಡ್ರಿ, ಆವಾಗ ತಿಳೀತೈತಿ ಎಷ್ಟ ಘನ ಅಂತ."

ಯಾರೋ ಚಹಾ ಉಗುಳಿಕೊಂಡರು. ಹಂಚಿನಾಳ ಸರ್ ನನಗೆ ಹೊರಗೆ ಹೋಗು ಅಂದರು. ಹೋದೆ. ಆದರೆ ಸಂಜೆಗೆ ಅದೇ ಪ್ರಾಜೆಕ್ಟು ಎಂದು ನಿರ್ಧಾರವಾಗಿತ್ತು. ಮುಖಂಡನನ್ನಾಗಿ ವೀರೇಶ ಎಂಬ ಹುಡುಗನನ್ನು ಆರಿಸಿದರು. ನವಲಗುಂದದ ಕಡೆಯ ಒಕ್ಕಲಮನೆಯ ಹುಡುಗ, ಬಲು ಶ್ರದ್ಧೆ, ಬಲು ನಾಚಿಕೆ. ಅವನಿಗೆ ಸಂಡಾಸು ಎಂಬ ಮಾತು ಬಾಯಲ್ಲಿ ಬರುತ್ತಿರಲಿಲ್ಲ. ಅದಕ್ಕೆ ಸೌಲಭ್ಯ ಅಂದ. ಕಾಗದಗಳಲ್ಲೆಲ್ಲ ಸೌಲಭ್ಯದ ಗೋಡೆ, ಸೌಲಭ್ಯದ ತಗ್ಗು, ಸೌಲಭ್ಯದ ಮುಚ್ಚಳ.

ಗೋಡೆ ಕಟ್ಟುವ ಗೌಂಡಿ ಮಾಬೂಸಾಬರನ್ನು ಕರೆಸಿದಾಗ ಅವರು ಜಾಗವನ್ನು ನೋಡಿ, ವೀರೇಶನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ನನ್ನ ಕಡೆ ತಿರುಗಿ, "ಏನ್ ಕಟ್ಟಸಾಕತ್ತಾರಬೇ ಇವ್ರು, ಬ್ಯಾಂಕ?" ಅಂದರು.

"ಸಂಡಾಸ್ರೀ ಸಾಬರ."

"ಹಂಗ ಹೇಳಬೇಕಲ್ಲ ಮತ್ತ. ನಾ ತಿಜೋರಿ ಎಲ್ಲಿ ಇಡ್ತಾರಂತ ವಿಚಾರ ಮಾಡಾಕತ್ತಿದ್ನಿ."

ಮುಂದಿನ ತಿಂಗಳುಗಳು ನಕ್ಷೆಯಲ್ಲಿ ಹೋದವು. ಗ್ರಾಫ್ ಕಾಗದಗಳನ್ನು ಅಂಟಿಸಿ ಗೋಡೆಯಷ್ಟು ಉದ್ದದ ಪಟ ಮಾಡಿದರು. ಮೇಲೆ ವಾರಗಳು, ಕೆಳಗೆ ಕೆಲಸಗಳು, ನಡುವೆ ಬಣ್ಣದ ಪಟ್ಟಿಗಳು. ಇನ್ನೊಂದು ಕಾಗದದಲ್ಲಿ ಕೆಲಸಕ್ಕೆ ಏನೇನು ಅಪಾಯ ಬರಬಹುದು ಎಂದು ಯೋಚಿಸಿ ಬರೆದರು. ಭೂಕಂಪ, ಮಹಾಪೂರ, ಬೆಂಕಿ, ಗಲಭೆ, ಸರ್ಕಾರ ಬೀಳುವುದು.

"ಸರ್ಕಾರ ಬಿದ್ರ ಸಂಡಾಸಿಗೇನಪಾ?" ಎಂದು ವೀರೇಶನನ್ನು ಕೇಳಿದೆ.

"ಅಪಾಯ ಹೇಳಿ ಬರೂದಿಲ್ರಿ ನೀಲವ್ವಾರ. ಎಲ್ಲಾ ಕಡಿಂದ ವಿಚಾರ ಮಾಡಬೇಕರಿ" ಎಂದ.

ಕಮಾನಿನೊಳಗೆ ಲಾರಿ ಬರದ್ದರಿಂದ ಉಸುಕು, ಇಟ್ಟಂಗಿ ಎಲ್ಲವನ್ನೂ ಎತ್ತಿನ ಚಕ್ಕಡಿಯಲ್ಲಿ ತರಿಸುವುದೆಂದಾಯಿತು. ಚಕ್ಕಡಿಯ ಚನ್ನಪ್ಪ ಒಪ್ಪಿಕೊಂಡ. ಕೆಲಸ ಸುರುವಾಗುವ ದಿನ ಹಂಚಿನಾಳ ಸರ್ ಹೊಸ ಅಂಗಿ ತೊಟ್ಟು, ತಡವಾಗದೆ ಬಂದರು. ಫೋಟೋದವನು ಬಂದ. ಮಾಬೂಸಾಬರು ತಮ್ಮ ಆಳುಗಳೊಂದಿಗೆ ಬಂದರು. ಟೆಂಗಿನಕಾಯಿ, ಹಾರ, ಊದಿನಕಡ್ಡಿ ಎಲ್ಲವನ್ನೂ ನಾನು ತಾಟಿನಲ್ಲಿ ಜೋಡಿಸಿದೆ. ಚಕ್ಕಡಿ ಬರಲಿಲ್ಲ. ಬಿಸಿಲು ಏರಿತು. ಹಾರ ಬಾಡಿತು. ಫೋಟೋದವನು ಇನ್ನೊಂದು ಮದುವೆ ಇದೆ ಅಂದ.

ವೀರೇಶ ಸೈಕಲ್ ಹತ್ತಿ ಚನ್ನಪ್ಪನ ಮನೆಗೆ ಹೋದ. ಹೋದವನು ತಿರುಗಿ ಬಂದಾಗ ಅವನ ಮುಖ ನೋಡುವಂತಿರಲಿಲ್ಲ.

"ಏನಾತು?" ಎಂದರು ಹಂಚಿನಾಳ ಸರ್.

"ಎತ್ತಿನ ಮೈ ತೊಳ್ಯಾಕತ್ತಾನ್ರಿ ಸರ. ಇವತ್ತ ಸ್ವಾಮಾರರಿ."

"ಸ್ವಾಮಾರ ಅಂತ ನನಗೂ ಗೊತ್ತದ. ಚಾರ್ಟಿನ್ಯಾಗ ಸ್ವಾಮಾರ ಅಂತನ ಅದಲ್ಲ?"

ಆಮೇಲೆ ಅವರಿಗೂ ಹೊಳೆಯಿತು. ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಆ ದಿನ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ಇವರು ಎಲ್ಲ ವಾರಗಳ ಸೋಮವಾರವೂ ಚಕ್ಕಡಿ ಬರಬೇಕೆಂದು ಪಟದ ಮೇಲೆ ಬರೆದಿಟ್ಟಿದ್ದರು. ಯಾಕೆಂದರೆ ಆ ಪಟದಲ್ಲಿ ವಾರ ಸೋಮವಾರದಿಂದ ಸುರುವಾಗುತ್ತಿತ್ತು.

"ನಿಮ್ಮಪ್ಪ ಸ್ವಾಮಾರ ಎತ್ತ ಹೂಡ್ತಾನೇನೋ?" ಎಂದು ಸರ್ ವೀರೇಶನನ್ನು ಕೇಳಿದರು.

"ಇಲ್ರಿ ಸರ."

"ಮತ್ತ ಇಲ್ಲಿ ಯಾಕ ಬರದಿ?"

"ಅದು ಊರಾಗಿನ ಎತ್ತರಿ ಸರ. ಇದು ಪ್ರಾಜೆಕ್ಟಿನ ಎತ್ತರಿ."

ಹಂಚಿನಾಳ ಸರ್ ಬೈಯುವಂತಿರಲಿಲ್ಲ. ಅವರ ಮನೆಯಲ್ಲೂ ಹೊಲ ಇತ್ತು, ಎತ್ತು ಇದ್ದವು, ಆ ಪಟಕ್ಕೆ ಅವರೇ ಸಹಿ ಹಾಕಿದ್ದರು. ನನ್ನ ತಂದೆಯೂ ಒಕ್ಕಲಿಗನೇ. ನಾನು ಆ ಪಟದ ಧೂಳನ್ನು ದಿನಾ ಜಾಡಿಸುತ್ತಿದ್ದೆ, ನನಗೂ ಹೊಳೆದಿರಲಿಲ್ಲ. ಕಾಗದದ ಮೇಲೆ ಏರಿದ ಕೂಡಲೇ ಎತ್ತು ಜಾತಿ ಬಿಡುತ್ತದೆ ಎಂದು ನಾವೆಲ್ಲರೂ ಅಂದುಕೊಂಡಿದ್ದೆವೋ ಏನೋ.

ಮೀಟಿಂಗ್ ಕರೆದರು. ಎಲ್ಲವನ್ನೂ ಮಂಗಳವಾರಕ್ಕೆ ಸರಿಸೋಣ ಎಂದರು. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದು ಎಂದು ಕಾಲೇಜಿನ ಗುಮಾಸ್ತರು ಅಡ್ಡ ಬಂದರು. ಬುಧವಾರ ಇರಲಿ ಎಂದರು. ಬುಧವಾರ ಉಸುಕು ಬಂದರೆ ಗುರುವಾರ ಕೆಲಸ ಸುರು, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮಾಬೂಸಾಬರು ಹೋಗುತ್ತಾರೆ, ನಡುವೆ ಅಮಾವಾಸ್ಯೆ ಬಂದರೆ ಆಳುಗಳು ಬರುವುದಿಲ್ಲ. ಪಟವನ್ನು ಹರಿದು ಹೊಸದಾಗಿ ಬರೆದರು. ಈ ಸಲ ಅಪಾಯದ ಕಾಗದದಲ್ಲಿ ಭೂಕಂಪದ ಮೇಲೆ ಬಸವಣ್ಣನ ಹೆಸರು ಬರೆಯಲು ಹೊರಟಿದ್ದರು. ದೇವರನ್ನು ಅಪಾಯ ಅನ್ನಬಾರದು ಎಂದು ಶೈಲಾ ಬಿಡಿಸಿದಳು.

ಶೈಲಾ ಈ ನಡುವೆ ಸೊರಗಿದ್ದಳು. ಕಾಕು ಮನೆಗೆ ಹೋಗುವುದನ್ನು ತಪ್ಪಿಸಲು ಮುಂಜಾನೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ನಾನು ಚಹಾ ಕೊಡಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಇದು ನನಗೆ ಗೊತ್ತಿದ್ದ ರೋಗವೇ. ತಲೆಶೂಲೆ, ತುಟಿ ಒಣಗುವುದು, ಮಾತು ಮಾತಿಗೆ ಸಿಟ್ಟು. ಹಾಜರಿ ಇನ್ನೂ ಅಂಚಿನಲ್ಲೇ ಇತ್ತು. ಉಳಿದ ಕ್ಲಾಸುಗಳಲ್ಲಿ ಸ್ವಲ್ಪ ತಪ್ಪಿದರೂ ಮುಗಿಯಿತು ಎಂದು ಗುಮಾಸ್ತರು ಹೇಳಿದ್ದರು.

"ಲಗೂ ಕಟ್ಟಸ್ರೋ" ಎಂದು ನಾನು ವೀರೇಶನ ಬೆನ್ನು ಹತ್ತಿದೆ. ಅವನು, ಸಮಯ ಉಳಿಸುವ ಉಪಾಯ ಸಿಕ್ಕಿದೆ, ಗೋಡೆ ಏಳುವ ಮೊದಲೇ ಬಾಗಿಲು ತರಿಸಿ ಇಡುತ್ತೇವೆ, ಎರಡೂ ಕೆಲಸ ಜೊತೆಜೊತೆಗೆ ಆಗುತ್ತವೆ ಅಂದ. ಪುಸ್ತಕದಲ್ಲಿ ಹಾಗೆ ಮಾಡಬಹುದು ಎಂದಿತ್ತಂತೆ.

ಬಾಗಿಲು ಬಂತು. ಹುಬ್ಬಳ್ಳಿಯಲ್ಲಿ ಯಾವುದೋ ಹಳೆಯ ವಾಡೆ ಕೆಡವಿದ್ದರು, ಅಲ್ಲಿನ ಹೆಬ್ಬಾಗಿಲನ್ನು ಚೌಕಟ್ಟಿನ ಸಮೇತ ಅಗ್ಗವಾಗಿ ಸಿಕ್ಕಿತೆಂದು ಹುಡುಗರು ಹೊತ್ತುಕೊಂಡು ಬಂದಿದ್ದರು. ಸಾಗವಾನಿ ಕಟ್ಟಿಗೆ, ಹಿತ್ತಾಳೆಯ ಮೊಳೆ, ಎರಡು ಪಡಕಿನ ಕದ. ಚೌಕಟ್ಟಿನ ಮೇಲುಪಟ್ಟಿಯ ನಡುವೆ, ಎಲ್ಲ ಹಳೆಯ ಮನೆಗಳಲ್ಲಿ ಇರುವಂತೆ, ಸೊಂಡಿಲು ತಿರುವಿಕೊಂಡು ಕುಳಿತ ಗಣಪತಿ.

ಮಾಬೂಸಾಬರು ಬಾಗಿಲನ್ನು ನೋಡಿದರು, ತಾವು ಎತ್ತುತ್ತಿದ್ದ ಗೋಡೆಯನ್ನು ನೋಡಿದರು. "ಬಾಗಲದಾಗ ಸಂಡಾಸ ಕೂಡ್ರಸಬೇಕೇನ್ರಿ, ಸಂಡಾಸಿನ್ಯಾಗ ಬಾಗಲಾ?"

"ಗ್ವಾಡಿ ಎತ್ತರಸ್ರಿ ಸಾಬರ" ಎಂದ ವೀರೇಶ.

"ಅದನ್ನ ಎತ್ತರಸ್ತೀನಿ. ಅಂವನ್ನ ಏನ್ ಮಾಡ್ತೀರಿ?" ಎಂದು ಗಣಪತಿಯತ್ತ ಬೆರಳು ತೋರಿಸಿದರು. "ನಿಮ್ಮ ದೇವರನ್ನ ನೀವ ನೋಡ್ಕೋರಿ. ನಾ ಅಂತೂ ಅಲ್ಲಿ ಕೂಡ್ರಸೂದಿಲ್ಲ."

ಬಡಿಗೇರನನ್ನು ಕರೆದು ಗಣಪತಿಯನ್ನು ಕೆತ್ತಿ ತೆಗೆ ಎಂದರು. ಅವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಸುಣ್ಣ ಬಳಿಯಿರಿ ಎಂದು ಒಬ್ಬ. ರಟ್ಟು ಹೊಡೆಯಿರಿ ಎಂದು ಇನ್ನೊಬ್ಬ. ಮೀಟಿಂಗ್ ಆಯಿತು. ಕೊನೆಗೆ ಮೇಲುಪಟ್ಟಿಯನ್ನು ಪೂರ್ತಿ ಬಿಚ್ಚಿ ಹಂಚಿನಾಳ ಸರ್ ಕೋಣೆಯ ಬಾಗಿಲ ಮೇಲೆ ಕೂಡಿಸಿದರು. ನಾನು ಆ ಕಾಲೇಜಿನಲ್ಲಿ ಕಣ್ಣಾರೆ ಕಂಡ ಬಡ್ತಿ ಅದೊಂದೇ.

ಬಾಗಿಲಿಗೆ ತಕ್ಕಂತೆ ಗೋಡೆ ಎತ್ತರಿಸಿದರು. ಹೀಗಾಗಿ ಸಂಡಾಸು ಗುಡಿಯಷ್ಟು ಎತ್ತರವಾಗಿ, ಒಳಗೆ ಮಾತ್ರ ಒಬ್ಬರು ತಿರುಗುವಷ್ಟು ಜಾಗ ಉಳಿಯಿತು. ದಾರಿಯಲ್ಲಿ ಹೋಗುವ ಮುದುಕರು ಕಮಾನಿನಾಚೆಯಿಂದ ಅದನ್ನು ಕಂಡು ಚಪ್ಪಲಿ ಬಿಟ್ಟು ಕೈ ಮುಗಿದು ಹೋಗುತ್ತಿದ್ದರು. ನಾನು ಕೆಲವರಿಗೆ ಹೇಳಿದೆ. ಆಮೇಲೆ ಹೇಳುವುದನ್ನು ಬಿಟ್ಟೆ.

ನಲ್ಲಿ ಹಾಕಿಸಿದರು. ಧಾರವಾಡದ ನೀರು ನಿಮಗೆ ಗೊತ್ತಲ್ಲ, ಬಂದ ದಿನ ಬಂತು. ಒಂದು ಡ್ರಮ್ಮು ತಂದಿಟ್ಟು ತುಂಬುವ ಕೆಲಸ ನನಗೆ ವಹಿಸಿದರು. ಅಂತೂ ಪರೀಕ್ಷೆಗೆ ಇನ್ನು ಕೆಲವೇ ವಾರ ಉಳಿದಿರುವಾಗ ಸಂಡಾಸು ಮುಗಿಯಿತು.

ಉದ್ಘಾಟನೆಯ ದಿನ ಬೆಳಗಾವಿಯ ಕಡೆಯಿಂದ ಪರೀಕ್ಷಕರಾಗಿ ಒಬ್ಬ ಮೇಡಂ ಬಂದಿದ್ದರು. ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಹಂಚಿನಾಳ ಸರ್ ಭಾಷಣ ಮಾಡಿದರು, ದೇಶ ಕಟ್ಟುವ ವಿಷಯ. ಕಾಲೇಜು ಮಂಡಳಿಯ ಕಾರ್ಯದರ್ಶಿಗಳು ಭಾಷಣ ಮಾಡಿದರು, ಅದೂ ದೇಶ ಕಟ್ಟುವ ವಿಷಯ. ವೀರೇಶ ಪಟ ಬಿಚ್ಚಿ ಒಂದೊಂದು ಪಟ್ಟಿಯನ್ನೂ ವಿವರಿಸಿದ. ಶೈಲಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು.

ಮೇಡಂ ಅವಳನ್ನೇ ಕೇಳಿದರು, "ಈ ಯೋಜನೆಯ ಪ್ರಯೋಜನ ಮುಖ್ಯವಾಗಿ ಯಾರಿಗೆ?"

"ನನಗ್ರಿ ಮೇಡಂ. ಅದೂ ಈಗಿಂದೀಗ."

ಮೇಡಂ ನಗಲಿಲ್ಲ. ಕತ್ತರಿ ತೆಗೆದುಕೊಂಡು ರಿಬ್ಬನ್ ಕತ್ತರಿಸಿ, "ಹೋಗಮ್ಮ" ಅಂದರು. ಶೈಲಾ ಎಲ್ಲರ ಮುಂದೆ ಒಳಗೆ ಹೋದಳು. ಹೊರಗೆ ಅಷ್ಟೂ ಜನ ಶಾಲು ಹಾರ ಹಿಡಿದು ಕಾದು ನಿಂತರು. ಅವಳು ಹೊರಗೆ ಬಂದಾಗ ಯಾರೋ ಹುಚ್ಚು ಹುಡುಗ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ಎಲ್ಲರಿಗೂ ಒಳ್ಳೆಯ ಅಂಕ ಬಂದವು.

ಮೇಡಂ ಕಾರು ಹತ್ತಿ ಹೋದ ಮೇಲೆ ಹಂಚಿನಾಳ ಸರ್ ನನ್ನನ್ನು ಕರೆದರು. ಕೈಯಲ್ಲಿ ಹೊಸ ಕೀಲಿ ಇತ್ತು.

"ನೀಲವ್ವ, ಆ ಬಾಗಲಕ್ಕ ಇದನ್ನ ಹಾಕು."

"ಯಾಕ್ರಿ ಸರ?"

"ಪರೀಕ್ಷಾ ಮುಗದ ಮ್ಯಾಲೆ ಮ್ಯಾಲಿನ ಕಮಿಟಿ ಬರ್ತದ. ಅವರಿಗೆ ತೋರಸಬೇಕು. ಹೊಸಾದು ಹೊಸಾದರಂಗ ಇರಬೇಕು, ಹೊಲಸಾಗಬಾರ್ದು."

"ಸಂಡಾಸ ಹೊಲಸಾಗ್ಲಾರದ ಮತ್ತೇನಾಗ್ತೈತ್ರಿ?"

"ವಾದಾ ಮಾಡಬ್ಯಾಡ. ಕೀಲಿಕೈ ನನ್ನ ಹತ್ರ ಇರ್ತದ. ಬೇಕಾದವರು ಬಂದು ನನ್ನ ಕೇಳಿ ಇಸಕೊಂಡು ಹೋಗ್ಲಿ. ನಾ ಏನ್ ಬ್ಯಾಡ ಅಂತೀನೇನು?"

ಕೀಲಿ ಹಾಕಿದೆ. ಕೀಲಿಕೈ ಅವರ ಕಿಸೆಗೆ ಹೋಯಿತು. ಶೈಲಾ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹುಡುಗರ ಮುಂದೆ ಸರ್ ಕೋಣೆಗೆ ಹೋಗಿ ಸಂಡಾಸಿನ ಕೀಲಿಕೈ ಕೊಡಿ ಎಂದು ಅವಳು ಸತ್ತರೂ ಕೇಳುತ್ತಿರಲಿಲ್ಲ. ಅದು ಸರ್‌ಗೂ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿರಲಿಲ್ಲ ಎಂದೇ ಕಾಣುತ್ತದೆ. ಗಂಡಸರು ಕೆಲವು ಸಂಗತಿಗಳನ್ನು ಕೆಟ್ಟತನದಿಂದ ಮಾಡುವುದಿಲ್ಲ, ಸುಮ್ಮನೆ ಮಾಡುತ್ತಾರೆ.

"ಇನ್ನ ಕೆಲವು ವಾರ ಅಲ್ರಿ ನೀಲವ್ವಾರ" ಎಂದಳು ಶೈಲಾ. "ನೀರು ಬಿಟ್ರ ನಡೀತದ."

"ನಡ್ಯೂದಿಲ್ಲ" ಎಂದೆ. ಮನೆಗೆ ಹೋದೆ.

ಮರುದಿನ ಮುಂಜಾನೆ ದಿನದಂತೆ ಎಲ್ಲರಿಗಿಂತ ಮೊದಲು ಬಂದೆ. ಮನೆಯ ಪೆಟ್ಟಿಗೆಗೆ ಹಾಕಿದ್ದ ಕೀಲಿಯನ್ನು ಬಿಚ್ಚಿ ತಂದಿದ್ದೆ. ಅದನ್ನು ಹಂಚಿನಾಳ ಸರ್ ಕೋಣೆಯೊಳಗಿನ ಸಂಡಾಸಿಗೆ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡು, ಹೊರಗೆ ನೆಲ ಒರೆಸುತ್ತ ಕುಳಿತೆ. ಹುಬ್ಬಳ್ಳಿಯಿಂದ ಅಷ್ಟು ದೂರ ಬಂದವರು ಕಾರಿನಿಂದ ಇಳಿದ ಕೂಡಲೇ ನೆಟ್ಟಗೆ ಎಲ್ಲಿಗೆ ಹೋಗುತ್ತಾರೆ ಎಂದು ದಿನಾ ಬಾಗಿಲು ತೆಗೆಯುವವಳಿಗೆ ಗೊತ್ತಿರುತ್ತದೆ.

"ನೀಲವ್ವಾ!" ಎಂದು ಒಳಗಿನಿಂದ ಕೂಗಿದರು. "ಇಲ್ಲಿ ಕೀಲಿ ಯಾರ ಹಾಕಿದ್ರು?"

"ನಾನ್ರಿ ಸರ. ಕಮಿಟಿ ಬರ್ತೈತಲ್ರಿ. ಹೊಲಸಾಗಬಾರ್ದು."

ಹೊರಗೆ ಬಂದರು. ವರಾಂಡದ ತುಂಬ ಹುಡುಗರು ನಿಂತಿದ್ದರು, ವೀರೇಶನೂ ಇದ್ದ, ಗುಮಾಸ್ತರೂ ಇದ್ದರು. "ಕೀಲಿಕೈ ಕೊಡು" ಎಂದು ತಗ್ಗಿದ ದನಿಯಲ್ಲಿ ಅಂದರು.

"ಯಾತರ ಕೀಲಿಕೈರಿ?"

"ನೀಲವ್ವ, ನಿನಗ ಮೆಮೋ ಕೊಡಬೇಕಾಗ್ತದ."

"ಕೊಡ್ರಿ. ಬರಿಯೂತನಕ ತಡೀತೈತೇನ್ರಿ?"

ಯಾರೂ ನಗಲಿಲ್ಲ. ನಗದೆ ಇರಲು ವೀರೇಶ ಕಂಬ ಹಿಡಿದುಕೊಂಡಿದ್ದ. ಹಂಚಿನಾಳ ಸರ್ ಒಮ್ಮೆ ಹುಡುಗರನ್ನು ನೋಡಿದರು, ಒಮ್ಮೆ ಹಿತ್ತಲ ಗೋಡೆಯ ಕಡೆ ನೋಡಿದರು. ಅಲ್ಲಿಗೆ ಹೋಗುವುದು ಅವರಿಂದ ಆಗುವ ಕೆಲಸವಲ್ಲ. ಕಿಸೆಗೆ ಕೈ ಹಾಕಿ ಹೊಸ ಕೀಲಿಕೈಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ನನ್ನದನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅವಸರದಲ್ಲಿ ಒಳಗೆ ಹೋದರು.

ಗಂಟೆ ಹೊಡೆದು, ಅಂಗಳಕ್ಕೆ ಹೋಗಿ ಆ ದೊಡ್ಡ ಬಾಗಿಲಿನ ಕೀಲಿ ತೆಗೆದೆ. ಶೈಲಾ ಹಿಂದೆಯೇ ಓಡಿ ಬಂದು ನಿಂತಿದ್ದಳು, ಮುಖ ಅರಳಿತ್ತು.

"ನೀ ಹೋಗಿ ಮೊದಲ ಹಾಜರಿ ಹೇಳಿ ಬಾ" ಎಂದೆ. "ನನ್ನದು ನಿನಕಿಂತ ಭಾಳ ವರ್ಷದಿಂದ ಬಾಕಿ ಐತಿ."

ಒಳಗೆ ಹೋಗಿ ಅಗಳಿ ಹಾಕಿಕೊಂಡೆ.